ಓದುಗರ ಪ್ರಶ್ನೋತ್ತರ: ಟ್ಯಾಗ್ ಇದ್ದೂ ರೀಡರ್ ಓದದಿದ್ದಾಗ

ಈ ಸಂಚಿಕೆಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳ ಪೈಕಿ ಆರ್‌ಎಫ್‌ಐಡಿ, ಅಂದರೆ ರೇಡಿಯೊ ತರಂಗದಿಂದ ವಸ್ತುಗಳನ್ನು ಗುರುತಿಸುವ ವ್ಯವಸ್ಥೆಗೆ ಸಂಬಂಧಿಸಿದವನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ವಸ್ತುವಿಗೆ ಹಾಕುವ, ಚಿಪ್ ಇರುವ ಪುಟ್ಟ ಚೀಟಿಯೇ ಟ್ಯಾಗ್; ಅದರ ಸಂಖ್ಯೆಯನ್ನು ಮುಟ್ಟದೆಯೇ ಓದುವ ಯಂತ್ರ ರೀಡರ್. ಗೋದಾಮು, ಗ್ರಂಥಾಲಯ, ಕುರಿದೊಡ್ಡಿ ಎಂದು ಸ್ಥಳಗಳು ಬೇರೆಬೇರೆಯಾದರೂ ದೂರು ಒಂದೇ ಬಗೆಯದು: ಹಣ ಕೊಟ್ಟು ಕೂರಿಸಿದ ವ್ಯವಸ್ಥೆ ಕೆಲವು ಹೊತ್ತು ಸರಿಯಾಗಿ ಓದುತ್ತದೆ, ಕೆಲವು ಹೊತ್ತು ಓದುವುದಿಲ್ಲ.

ಪ್ರಶ್ನೆ: ದಾವಣಗೆರೆಯ ಎಪಿಎಂಸಿ ಬಳಿ ನಮ್ಮ ಮೆಕ್ಕೆಜೋಳದ ಗೋದಾಮು ಇದೆ. ಚೀಲಗಳಿಗೆ ಟ್ಯಾಗ್ ಹಾಕಿ, ಎರಡು ಬಾಗಿಲುಗಳಿಗೂ ಒಂದೊಂದು ರೀಡರ್ ಕೂರಿಸಿದ್ದೇವೆ. ಒಂದು ಬಾಗಿಲಲ್ಲಿ ಮಾತ್ರ ಲೋಡಿಂಗ್ ನಡೆದರೆ ಲೆಕ್ಕ ಸರಿಯಾಗಿ ಬರುತ್ತದೆ. ಎರಡರಲ್ಲೂ ನಡೆದರೆ ಎರಡರ ಲೆಕ್ಕವೂ ತಪ್ಪುತ್ತದೆ. ಜೊತೆಗೆ, ಒಳಗೆ ಒಟ್ಟಿಟ್ಟ ಚೀಲಗಳು ಹೊರಗೆ ಹೋದಂತೆ ದಾಖಲಾಗುತ್ತವೆ. ರೀಡರ್ ಸರಬರಾಜು ಮಾಡಿದವರು ಪವರ್ ಹೆಚ್ಚಿಸಲು ಹೇಳುತ್ತಿದ್ದಾರೆ. ಹೆಚ್ಚಿಸಬಹುದೇ?

ಉತ್ತರ: ಹೆಚ್ಚಿಸಬೇಡಿ. ನೀವು ಹೇಳಿದ ಎರಡು ತೊಂದರೆಗಳೂ ಪವರ್ ಹೆಚ್ಚಾದಷ್ಟೂ ಬೆಳೆಯುವಂಥವು. ಇದು ಮನವರಿಕೆಯಾಗಬೇಕಾದರೆ ಟ್ಯಾಗ್ ಉತ್ತರ ಕೊಡುವ ಬಗೆಯನ್ನು ಸ್ವಲ್ಪ ನೋಡಬೇಕು.

ಚೀಲಕ್ಕೆ ಹಾಕಿದ ಟ್ಯಾಗ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ರೀಡರ್ ಕಳುಹಿಸುವ ತರಂಗದಿಂದಲೇ ಅದರ ಚಿಪ್ ಚಾಲೂ ಆಗುತ್ತದೆ, ಮತ್ತು ಅದೇ ತರಂಗವನ್ನು ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾಗಿ ಹಿಂದಕ್ಕೆ ಪ್ರತಿಫಲಿಸುವ ಮೂಲಕ ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಹೀಗಾಗಿ ರೀಡರ್ ತಾನು ತರಂಗವನ್ನು ಹೊರಡಿಸುತ್ತಿರುವ ಹೊತ್ತಿನಲ್ಲೇ ಟ್ಯಾಗ್‌ನ ಉತ್ತರವನ್ನೂ ಕೇಳಿಸಿಕೊಳ್ಳಬೇಕು. ಹೊರಡುವ ಶಕ್ತಿ 1 ವ್ಯಾಟ್ ಆದರೆ ಮರಳಿ ಬರುವ ಉತ್ತರ ಅದರ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟೇ ಇರಬಹುದು. ದೂರ ಎರಡರಷ್ಟಾದರೆ ಟ್ಯಾಗ್‌ಗೆ ತಲುಪುವ ಶಕ್ತಿ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಲ್ಲಿಂದ ರೀಡರ್‌ಗೆ ಮರಳುವ ಉತ್ತರವೋ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಪಕ್ಕದ ಬಾಗಿಲಿನ ರೀಡರ್‌ನಿಂದ ನಿಮ್ಮ ಆಂಟೆನಾಕ್ಕೆ ನೇರವಾಗಿ ಬರುವ ತರಂಗ ಹೋಗಿ ಮರಳಿ ಬಂದದ್ದಲ್ಲ. ಅದು ಒಂದೇ ದಾರಿ ಸವೆಸಿರುತ್ತದೆ. ಆದ್ದರಿಂದ ಹತ್ತಿಪ್ಪತ್ತು ಮೀಟರ್ ಆಚೆಗಿನ ರೀಡರ್ ಕೂಡ ಎರಡು ಮೀಟರ್ ದೂರದ ಟ್ಯಾಗ್‌ನ ಉತ್ತರವನ್ನು ಸಲೀಸಾಗಿ ಮುಚ್ಚಿಹಾಕಬಲ್ಲದು.

ಇಲ್ಲಿ ಎರಡು ಬೇರೆಬೇರೆ ತೊಡಕುಗಳಿದ್ದು, ಅವಕ್ಕೆ ಪರಿಹಾರವೂ ಬೇರೆಬೇರೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಒಂದು ರೀಡರ್ ಇನ್ನೊಂದರ ಕಿವಿಗೆ ಅಡ್ಡ ಬರುವುದು ಮೊದಲನೆಯದು. ಇದಕ್ಕೆ ಎರಡು ರೀಡರ್‌ಗಳನ್ನೂ ಬೇರೆಬೇರೆ ಚಾನೆಲ್‌ಗಳಲ್ಲಿ ಇಟ್ಟು, ಸೆಟ್ಟಿಂಗ್‌ನಲ್ಲಿ ಹತ್ತಿರದಲ್ಲೇ ಹಲವು ರೀಡರ್ ಇರುವ ಕಡೆಗೆಂದೇ ಇರುವ ಡೆನ್ಸ್ ರೀಡರ್ ಮೋಡ್ ಆಯ್ದುಕೊಂಡರೆ ಬಹುಮಟ್ಟಿಗೆ ಸಾಕು. ಇಂತಹ ಟ್ಯಾಗ್ ಮತ್ತು ರೀಡರ್ ಪಾಲಿಸುವ, 2004ರಲ್ಲಿ ಅಂತಿಮಗೊಂಡ ಜೆನ್-2 ಮಾನದಂಡದಲ್ಲೇ ಇದಕ್ಕೆ ದಾರಿ ಇದೆ: ಟ್ಯಾಗ್‌ಗಳು ರೀಡರ್‌ನ ಆವರ್ತನದಿಂದ ತುಸು ಆಚೀಚೆ, ಮಿಲ್ಲರ್ ಎಂಬ ಸಂಕೇತ ಪದ್ಧತಿಯಲ್ಲಿ ಉತ್ತರಿಸುತ್ತವೆ. ಓದುವ ವೇಗ ಇದರಿಂದ ಕಡಿಮೆಯಾಗುತ್ತದೆ. ಆದರೆ ಹಮಾಲರು ಒಂದೊಂದೇ ಚೀಲ ಹೊತ್ತು ಸಾಗಿಸುವ ಕಡೆ ಆ ವೇಗದ ಅಗತ್ಯವೇ ಇಲ್ಲದ ಕಾರಣ ನಿಮಗೆ ನಷ್ಟವೇನೂ ಆಗದು.

ಎರಡನೆಯ ತೊಡಕು ಹೆಚ್ಚು ಮೊಂಡು. ಟ್ಯಾಗ್‌ಗೆ ಚಾನೆಲ್ ಆರಿಸಿಕೊಳ್ಳುವ ಶಕ್ತಿ ಇಲ್ಲ. ತನ್ನ ಆಂಟೆನಾಕ್ಕೆ ಬಿದ್ದ ತರಂಗಗಳನ್ನೆಲ್ಲ ಅದು ಒಟ್ಟಿಗೆ ಪಡೆಯುತ್ತದೆ. ಎರಡು ರೀಡರ್‌ಗಳ ವ್ಯಾಪ್ತಿ ಕೂಡುವ ಜಾಗದಲ್ಲಿರುವ ಟ್ಯಾಗ್‌ಗೆ ಎರಡೂ ಆಜ್ಞೆಗಳು ಬೆರೆತು ಬರುವುದರಿಂದ ಅದು ಯಾವುದಕ್ಕೂ ಉತ್ತರಿಸದೆ ಉಳಿಯುತ್ತದೆ. ಚಾನೆಲ್ ಬದಲಿಸಿ ಇದನ್ನು ಸರಿಪಡಿಸಲಾಗದು. ಎರಡು ರೀಡರ್‌ಗಳಿಗೆ ಬೇರೆಬೇರೆ ಹೊತ್ತು ಕೊಡಬೇಕು, ಇಲ್ಲವೇ ಅವುಗಳ ವ್ಯಾಪ್ತಿ ಕೂಡದಂತೆ ನೋಡಿಕೊಳ್ಳಬೇಕು. ಹೊತ್ತನ್ನು ಹಂಚುವುದಕ್ಕೆ ನನಗೆ ಹೆಚ್ಚು ಒಪ್ಪಿಗೆಯಾಗುವ ಉಪಾಯವೆಂದರೆ ಬಾಗಿಲಿಗೆ ಬೆಳಕಿನ ಸೆನ್ಸರ್ ಕೂರಿಸಿ, ಯಾರಾದರೂ ಹೊಸ್ತಿಲು ದಾಟುವಾಗ ಮಾತ್ರ ರೀಡರ್ ತರಂಗ ಹೊರಡಿಸುವಂತೆ ಮಾಡುವುದು. ಇಡೀ ದಿನ ಎರಡೂ ರೀಡರ್‌ಗಳನ್ನು ಉರಿಸುತ್ತ ಇಡುವ ವಾಡಿಕೆಯೇ ಇಂತಹ ಗೋದಾಮುಗಳ ಅರ್ಧಕ್ಕೂ ಹೆಚ್ಚು ತೊಂದರೆಗಳಿಗೆ ಮೂಲ ಎಂಬುದು ನನ್ನ ಅಭಿಪ್ರಾಯ. ಉತ್ತರ ಕೊಟ್ಟಾಯಿತೆಂಬುದನ್ನು ಟ್ಯಾಗ್ ಸೆಷನ್ ಎಂಬ ಬೇರೆಬೇರೆ ಗುರುತುಗಳಲ್ಲಿ ನೆನಪಿಡುತ್ತದೆ; ಒಂದು ಬಾಗಿಲಿಗೆ ಎಸ್-2, ಇನ್ನೊಂದಕ್ಕೆ ಎಸ್-3 ಎಂದು ಸೆಷನ್‌ಗಳನ್ನೂ ಬೇರೆ ಮಾಡಿ. ಒಂದು ರೀಡರ್‌ಗೆ ಉತ್ತರ ಕೊಟ್ಟು ಸ್ವಲ್ಪ ಹೊತ್ತು ಸುಮ್ಮನಾದ ಟ್ಯಾಗ್ ಆಗ ಇನ್ನೊಂದು ರೀಡರ್‌ಗೆ ಉತ್ತರಿಸಲು ಸಿದ್ಧವಾಗಿಯೇ ಇರುತ್ತದೆ.

ಇನ್ನು ಒಳಗಿನ ಚೀಲಗಳು ಹೊರಗೆ ಹೋದಂತೆ ದಾಖಲಾಗುವ ವಿಷಯ. ಇದಕ್ಕೆ ಪವರ್ ತಗ್ಗಿಸುವುದೇ ಮೊದಲ ಮದ್ದು. ಶಕ್ತಿಯನ್ನು ಅರ್ಧಕ್ಕೆ ಇಳಿಸಿದರೆ ಟ್ಯಾಗ್ ಎಚ್ಚರಗೊಳ್ಳುವ ದೂರ ಅರ್ಧವಾಗುವುದಿಲ್ಲ, ಸುಮಾರು 70 ಶೇಕಡಾಕ್ಕೆ ಇಳಿಯುತ್ತದೆ. ನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿದರೆ ದೂರ ಅರ್ಧವಾಗುತ್ತದೆ. ಬಾಗಿಲಿನ ಅಗಲಕ್ಕೆ ತಕ್ಕಷ್ಟು ಉಳಿಸಿಕೊಂಡು ಹಂತಹಂತವಾಗಿ ಇಳಿಸುತ್ತ ಬನ್ನಿ. ಆಮೇಲೂ ಅಟ್ಟಿಯ ಟ್ಯಾಗ್‌ಗಳು ಕಾಣಿಸಿಕೊಂಡರೆ ಆಂಟೆನಾ ಮತ್ತು ಅಟ್ಟಿಯ ನಡುವೆ ಕೋಳಿಗೂಡಿಗೆ ಬಳಸುವ ಕಬ್ಬಿಣದ ಜಾಲರಿಯನ್ನು ಚೌಕಟ್ಟಿಗೆ ಬಡಿದು ನಿಲ್ಲಿಸಬಹುದು. ನಿಮ್ಮ ರೀಡರ್ ಕೆಲಸ ಮಾಡುವ 866 ಮೆಗಾಹರ್ಟ್ಸ್ ಸುಮಾರಿನಲ್ಲಿ ತರಂಗದ ಉದ್ದ ಸುಮಾರು 34.6 ಸೆಂಟಿಮೀಟರ್, ಜಾಲರಿಯ ಕಣ್ಣು ಅದರ ಹತ್ತರಲ್ಲೊಂದು ಪಾಲಿಗಿಂತ ಚಿಕ್ಕದಾಗಿದ್ದರೆ ತರಂಗದ ಪಾಲಿಗೆ ಅದು ಬಹುಪಾಲು ಗೋಡೆಯೇ ಸರಿ. ಒಂದು ಅಂಗುಲದ ಕಣ್ಣಿನ ಜಾಲರಿ ಸಾಕಾಗುತ್ತದೆ. ಅಂಚುಗಳ ಸುತ್ತ ಬಳಸಿ ಬರುವ ತರಂಗವನ್ನು ಇದು ತಡೆಯದ ಕಾರಣ ಜಾಲರಿ ಆಂಟೆನಾಕ್ಕಿಂತ ಎಲ್ಲ ಬದಿಗೂ ಸಾಕಷ್ಟು ಅಗಲವಾಗಿರಲಿ.

ತಗಡಿನ ಮಾಡು, ರೋಲಿಂಗ್ ಶಟರ್, ಕಬ್ಬಿಣದ ಕಂಬಗಳಿಂದ ಪ್ರತಿಫಲಿಸಿದ ತರಂಗವು ನೇರವಾಗಿ ಬಂದ ತರಂಗದೊಡನೆ ಸೇರಿ ಕೆಲವು ಜಾಗಗಳಲ್ಲಿ ಬಲಗೊಳ್ಳುತ್ತದೆ, ಕೆಲವು ಜಾಗಗಳಲ್ಲಿ ಸೊನ್ನೆಯಾಗುತ್ತದೆ. ಎದುರುಬದುರಾಗಿ ಬರುವ ತರಂಗಗಳಲ್ಲಿ ಇಂತಹ ಎರಡು ಸೊನ್ನೆ ಜಾಗಗಳ ನಡುವಿನ ಅಂತರ ಅರ್ಧ ತರಂಗಾಂತರ, ಅಂದರೆ ಸುಮಾರು 17 ಸೆಂಟಿಮೀಟರ್. ನಿಂತ ಚೀಲ ಓದದಿದ್ದಾಗ ಅದನ್ನು ನಾಲ್ಕು ಬೆರಳಗಲ ಸರಿಸಿದರೆ ಓದುವುದು ಈ ಕಾರಣಕ್ಕೆ. ಚಲಿಸುವ ಚೀಲ ಈ ಜಾಗಗಳನ್ನು ತಾನಾಗಿ ದಾಟಿಬಿಡುವುದರಿಂದ ಬಾಗಿಲಿನಲ್ಲಿ ಇದು ಅಷ್ಟು ಕಾಡುವುದಿಲ್ಲ. ಬಾಗಿಲಿನ ಎರಡು ಬದಿಗೂ ಒಂದೊಂದು ಆಂಟೆನಾ ಇಟ್ಟು ಸರದಿಯಂತೆ ಚಾಲೂ ಮಾಡಿದರೆ ಒಂದಕ್ಕೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ.

ಟ್ಯಾಗ್ ಎಲ್ಲಿ ಕೂತಿದೆ ಎಂಬುದನ್ನೂ ನೋಡಿ. ಮೆಕ್ಕೆಜೋಳದಲ್ಲಿ ತೇವಾಂಶ ಹೆಚ್ಚಾಗಿದ್ದಷ್ಟೂ ಅದು ಈ ತರಂಗವನ್ನು ಹೀರಿಕೊಳ್ಳುತ್ತದೆ. ಸರಿಯಾಗಿ ಒಣಗದೆ ಬಂದ ಮಾಲಿನ ಚೀಲಗಳೇ ಹೆಚ್ಚು ತಪ್ಪುತ್ತಿವೆಯೇ ಎಂದು ದಾಖಲೆಯಲ್ಲಿ ಪರಿಶೀಲಿಸಿ. ಕಾಳಿಗೆ ಅಂಟಿಕೊಂಡಿರುವ ಟ್ಯಾಗ್ ಒಣ ಮಾಲಿನಲ್ಲೂ ದುರ್ಬಲವಾಗುತ್ತದೆ. ಚೀಲದ ಬಾಯಿಯ ಹೊಲಿಗೆಯಿಂದ ಮೇಲಕ್ಕೆ ಉಳಿಯುವ ಅಂಚಿನಲ್ಲಿ, ಕಾಳು ತಾಗದ ಕಡೆ ಟ್ಯಾಗ್ ಇಟ್ಟು ಹೊಲಿಸಿದರೆ ವೆಚ್ಚವಿಲ್ಲದೆ ಸಿಗುವ ಲಾಭ ದೊಡ್ಡದು. ಚೀಲ ಹೊತ್ತ ಮನುಷ್ಯನ ಮೈಯಲ್ಲಿ ನೀರಿನ ಅಂಶವೇ ಹೆಚ್ಚು ಇರುವುದರಿಂದ, ಟ್ಯಾಗ್ ಬೆನ್ನಿನ ಕಡೆಗೆ ಒತ್ತಿಕೊಂಡಿದ್ದರೆ ಯಾವ ರೀಡರೂ ಅದನ್ನು ಓದಲಾರದು. ಆದ್ದರಿಂದ ಬಾಗಿಲ ಮೇಲ್ಗಡೆ ಕೆಳಮುಖವಾಗಿ ಒಂದು ಆಂಟೆನಾ ಇರಲಿ.

ಕೊನೆಗೆ, ಯಾರೂ ಅನುಮಾನಿಸದ ಒಂದು ಮೂಲ. ಬಾಗಿಲ ಬಳಿ ಎಲೆಕ್ಟ್ರಾನಿಕ್ ಚೋಕ್ ಇರುವ ಹಳೆಯ ಬಗೆಯ ಟ್ಯೂಬ್‌ಲೈಟ್ ಇದ್ದರೆ ಅದನ್ನು ಆರಿಸಿ ನೋಡಿ. ಕೊಳವೆಯೊಳಗಿನ ಅನಿಲದ ವಾಹಕತೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಏರಿಳಿಯುತ್ತದೆ. ಅದಕ್ಕೆ ತಕ್ಕಂತೆ ರೀಡರ್‌ನ ತರಂಗ ಟ್ಯಾಗ್‌ನ ಉತ್ತರವನ್ನೇ ಹೋಲುವ ರೀತಿಯಲ್ಲಿ ಪ್ರತಿಫಲಿಸುತ್ತದೆ. ದೀಪ ಆರಿಸಿದಾಗ ಓದು ಸುಧಾರಿಸಿದರೆ ಆ ಒಂದು ದೀಪವನ್ನು ಎಲ್‌ಇಡಿಗೆ ಬದಲಿಸಿ.

ಪವರ್ ಹೆಚ್ಚಿಸುವುದಕ್ಕೆ ಕಾನೂನಿನ ಮಿತಿಯೂ ಇದೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಆವರ್ತನ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. 2021ರಲ್ಲಿ ಅದನ್ನು 868ರವರೆಗೆ ವಿಸ್ತರಿಸಲಾಯಿತು. ಆದರೆ ಪ್ರಸಾರಕದ ಶಕ್ತಿ 1 ವ್ಯಾಟ್ ಮತ್ತು ಆಂಟೆನಾದಿಂದ ಹೊರಡುವ ಪರಿಣಾಮಕಾರಿ ಶಕ್ತಿ 4 ವ್ಯಾಟ್ ಮೀರುವಂತಿಲ್ಲ. ಬೇರೆ ದೇಶದ 902ರಿಂದ 928 ಮೆಗಾಹರ್ಟ್ಸ್‌ನ ರೀಡರ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆಂದು ತಂದು ಕೂರಿಸಬೇಡಿ. ಆ ಪಟ್ಟಿಯ ಒಂದಷ್ಟು ಭಾಗ ಇಲ್ಲಿ ಮೊಬೈಲ್ ಫೋನುಗಳ ಬಳಕೆಯಲ್ಲಿದೆ.

ಪ್ರಶ್ನೆ: ಚಳ್ಳಕೆರೆಯಲ್ಲಿ ನಮ್ಮ ಎಣ್ಣೆ ಗಿರಣಿಯ ಗೇಟಿನಲ್ಲಿ ಲಾರಿಗಳನ್ನು ಗುರುತಿಸುವ ರೀಡರ್ ಇದೆ. ಪಕ್ಕದ ನಿವೇಶನದಲ್ಲಿ ಮೊಬೈಲ್ ಟವರ್ ಬಂದ ಮೇಲೆ ಲಾರಿ ಗೇಟಿಗೆ ತೀರ ಹತ್ತಿರ ಬಂದರಷ್ಟೇ ಓದುತ್ತಿದೆ. ಟವರ್ ಕಾರಣವಿರಬಹುದೇ, ಅದನ್ನು ಸಾಬೀತುಪಡಿಸುವುದು ಹೇಗೆ?

ಉತ್ತರ: ಇರಬಹುದು, ಮತ್ತು ನಿಮ್ಮ ಅನುಮಾನಕ್ಕೆ ಗಟ್ಟಿಯಾದ ಆಧಾರವಿದೆ. ಮೊಬೈಲ್ ಸೇವೆಯ 850 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಟವರ್‌ನಿಂದ ಫೋನಿನ ಕಡೆಗೆ ಹೊರಡುವ ತರಂಗಗಳು 869 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಇವೆ. ನಿಮ್ಮ ರೀಡರ್‌ನ ಪಟ್ಟಿ ಮುಗಿಯುವುದಕ್ಕೂ ಅವು ಶುರುವಾಗುವುದಕ್ಕೂ ನಡುವೆ ಒಂದೆರಡು ಮೆಗಾಹರ್ಟ್ಸ್ ಅಂತರವಷ್ಟೇ ಇದೆ. ಬಹುತೇಕ ರೀಡರ್‌ಗಳ ಆಂಟೆನಾ ಮತ್ತು ಮೊದಲ ಹಂತದ ವಿದ್ಯುನ್ಮಂಡಲವು ಹಲವು ದೇಶಗಳಿಗೆ ಹೊಂದುವಂತೆ ಅಗಲವಾದ ಪಟ್ಟಿಗೆ ತೆರೆದುಕೊಂಡಿರುವ ಕಾರಣ, ಹತ್ತಿರದ ಟವರ್‌ನ ಬಲವಾದ ತರಂಗ ಒಳಗೆ ನುಗ್ಗಿ ಕ್ಷೀಣವಾದ ಉತ್ತರಗಳನ್ನು ಗ್ರಹಿಸುವ ಶಕ್ತಿಯನ್ನು ಕುಗ್ಗಿಸುತ್ತದೆ.

ಆದರೆ ತೀರ್ಮಾನಕ್ಕೆ ಬರುವ ಮೊದಲು ರೀಡರ್‌ನ ಪ್ರಸಾರವನ್ನು ನಿಲ್ಲಿಸಿ, ಅದು ಏನನ್ನು ಕೇಳಿಸಿಕೊಳ್ಳುತ್ತಿದೆ ಎಂಬುದನ್ನು ನೋಡಿ. ಅನೇಕ ರೀಡರ್‌ಗಳ ತಂತ್ರಾಂಶದಲ್ಲಿ ಪ್ರತಿ ಚಾನೆಲ್‌ನ ಹಿನ್ನೆಲೆ ಗದ್ದಲವನ್ನು ತೋರಿಸುವ ಸೌಲಭ್ಯವಿದೆ. ಆಂಟೆನಾವನ್ನು ಟವರ್‌ನ ಕಡೆಗೆ ಒಮ್ಮೆ, ಅದಕ್ಕೆ ಬೆನ್ನು ಮಾಡಿ ಒಮ್ಮೆ ಹಿಡಿದು ಅಂಕಿಗಳನ್ನು ಬರೆದುಕೊಳ್ಳಿ. ವ್ಯತ್ಯಾಸ ದೊಡ್ಡದಾಗಿದ್ದರೆ ಗದ್ದಲ ಆ ದಿಕ್ಕಿನಿಂದ ಬರುತ್ತಿದೆ ಎಂದರ್ಥ. ಫೋನಿನ ಬಳಕೆ ಹೆಚ್ಚಾಗುವ ಸಂಜೆಯ ಹೊತ್ತಿಗೂ ನಡುರಾತ್ರಿಗೂ ವ್ಯತ್ಯಾಸ ಕಂಡರೆ ಅದೂ ಒಂದು ಸುಳಿವು.

ಪರಿಹಾರದಲ್ಲಿ ಹಣ ಬೇಡದ್ದನ್ನು ಮೊದಲು ಮಾಡಿ. ಆಂಟೆನಾವನ್ನು ಗೇಟಿನ ಎದುರು ಬದಿಗೆ ಸಾಗಿಸಿ, ಅದರ ಬೆನ್ನು ಟವರ್‌ನ ಕಡೆಗೆ ಇರುವಂತೆ ಕೂರಿಸಿ, ಸ್ವಲ್ಪ ನೆಲದ ಕಡೆಗೆ ಬಾಗಿಸಿ. ಇದು ಸಾಲದಿದ್ದರೆ ಆಂಟೆನಾ ಮತ್ತು ರೀಡರ್ ನಡುವೆ ಬ್ಯಾಂಡ್‌ಪಾಸ್ ಫಿಲ್ಟರ್ ಹಾಕಬೇಕಾಗುತ್ತದೆ. 867ನ್ನು ಬಿಟ್ಟು 869ನ್ನು ತಡೆಯುವಷ್ಟು ಹರಿತವಾದ ಫಿಲ್ಟರ್ ಅಗ್ಗದ್ದಲ್ಲ. ಲೋಹದ ಗೂಡುಗಳುಳ್ಳ ಕ್ಯಾವಿಟಿ ಬಗೆಯದೇ ಬೇಕಾಗುತ್ತದೆ. ಕೊಳ್ಳುವಾಗ 869ರಲ್ಲಿ ಅದು ಎಷ್ಟು ಡೆಸಿಬಲ್ ತಗ್ಗಿಸುತ್ತದೆ ಎಂಬ ಅಂಕಿಯನ್ನು ಕೇಳಿಯೇ ಕೊಳ್ಳಿ.

ಟವರ್‌ನವರ ಮೇಲೆ ದೂರು ಕೊಡುವ ಯೋಚನೆ ಇದ್ದರೆ ಅದು ನಿಲ್ಲುವುದು ಕಷ್ಟ. ಅವರು ಪರವಾನಗಿ ಪಡೆದ ಪಟ್ಟಿಯಲ್ಲಿದ್ದಾರೆ. ಪರವಾನಗಿ ಬೇಡದ ಪಟ್ಟಿಯನ್ನು ಬಳಸುವ ನಮಗೆ ಅಡಚಣೆಯಿಂದ ರಕ್ಷಣೆ ಕೇಳುವ ಹಕ್ಕನ್ನು ನಿಯಮವೇ ಕೊಟ್ಟಿಲ್ಲ. ಹತ್ತಿರದ ಮನೆಯ ಮೇಲೆ ಯಾರಾದರೂ ಅನುಮತಿಯಿಲ್ಲದೆ ಮೊಬೈಲ್ ಬೂಸ್ಟರ್ ಹಾಕಿಕೊಂಡಿದ್ದರೆ ಮಾತು ಬೇರೆ. ಅಂತಹ ಬೂಸ್ಟರ್‌ಗಳು ಅಗಲವಾದ ಪಟ್ಟಿಗೆ ಗದ್ದಲ ಚೆಲ್ಲುತ್ತವೆ, ಅವುಗಳ ಬಳಕೆಯೂ ಕಾನೂನುಬಾಹಿರ. ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ಆರ್ಗನೈಸೇಶನ್ ಇಂತಹ ಅಡಚಣೆಯ ಮೂಲವನ್ನು ಪತ್ತೆ ಮಾಡುವ ಸಂಸ್ಥೆ.

ಪ್ರಶ್ನೆ: ಹರಿಹರದಲ್ಲಿ ನಮ್ಮ ಎಂಜಿನಿಯರಿಂಗ್ ವರ್ಕ್‌ಶಾಪ್ ಇದೆ. ಧೂಳಿನಿಂದ ಕಾಪಾಡಲೆಂದು ರೀಡರ್ ಅನ್ನು ಆಫೀಸಿನ ಕೋಣೆಗೆ ಸಾಗಿಸಿ, ಆಂಟೆನಾಕ್ಕೆ 10 ಮೀಟರ್ ಕೇಬಲ್ ಎಳೆದೆವು. ಓದುವ ದೂರ ಅರ್ಧಕ್ಕೆ ಇಳಿದಿದೆ. ವರ್ಕ್‌ಶಾಪಿನ ವೆಲ್ಡಿಂಗ್ ಯಂತ್ರಗಳ ಅಡಚಣೆಯೇ?

ಉತ್ತರ: ವೆಲ್ಡಿಂಗ್ ಯಂತ್ರವನ್ನು ದೂಷಿಸುವ ಮೊದಲು ಕೇಬಲ್‌ನ ಮೇಲೆ ಮುದ್ರಿಸಿರುವ ಹೆಸರನ್ನು ಓದಿ. ಅದು ಆರ್‌ಜಿ-58 ಆಗಿದ್ದರೆ ಈ ಆವರ್ತನದಲ್ಲಿ ಮೀಟರಿಗೆ ಸುಮಾರು ಅರ್ಧ ಡೆಸಿಬಲ್ ನಷ್ಟವಾಗುತ್ತದೆ. 10 ಮೀಟರಿಗೆ ಸುಮಾರು 5 ಡೆಸಿಬಲ್ ಎಂದರೆ ರೀಡರ್ ಕೊಟ್ಟ ಶಕ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಆಂಟೆನಾ ಮುಟ್ಟುತ್ತದೆ. ಈ ಲೆಕ್ಕದಲ್ಲಿ ಓದುವ ದೂರ 56 ಶೇಕಡಾಕ್ಕೆ ಇಳಿಯಬೇಕು, ಅದು ನೀವು ಕಂಡದ್ದಕ್ಕೆ ಹೊಂದುತ್ತದೆ. ಎಲ್‌ಎಂಆರ್-400 ಬಗೆಯ ದಪ್ಪ ಕೇಬಲ್‌ನಲ್ಲಿ ಅದೇ 10 ಮೀಟರಿಗೆ ನಷ್ಟ 1.3 ಡೆಸಿಬಲ್‌ನಷ್ಟೇ. ಇನ್ನೂ ಒಳ್ಳೆಯ ದಾರಿಯೆಂದರೆ ರೀಡರ್ ಅನ್ನು ಧೂಳು ಹೊಗದ ಪೆಟ್ಟಿಗೆಯಲ್ಲಿಟ್ಟು ಆಂಟೆನಾದ ಪಕ್ಕಕ್ಕೆ ಮರಳಿಸಿ, ಆಫೀಸಿಗೆ ನೆಟ್‌ವರ್ಕ್ ಕೇಬಲ್ ಎಳೆಯುವುದು.

ಕನೆಕ್ಟರ್‌ಗಳನ್ನೂ ಬಿಚ್ಚಿ ನೋಡಿ. ಸಡಿಲವಾದ, ನೀರು ಇಳಿದ ಅಥವಾ ಒಳಗಿನ ತಂತಿ ಸರಿಯಾಗಿ ಕೂರದ ಕನೆಕ್ಟರ್ ಶಕ್ತಿಯನ್ನು ತಿನ್ನುವುದಷ್ಟೇ ಅಲ್ಲ, ಹೊರಡಬೇಕಾದ ತರಂಗದ ಒಂದು ಪಾಲನ್ನು ರೀಡರ್‌ಗೇ ಹಿಂದಿರುಗಿಸುತ್ತದೆ. ಆ ಪಾಲು 3 ಶೇಕಡಾ ಆದರೂ, 1 ವ್ಯಾಟ್ ರೀಡರ್‌ನಲ್ಲಿ ಅದು 30 ಮಿಲಿವ್ಯಾಟ್. ಟ್ಯಾಗ್‌ನ ಉತ್ತರವೋ ಒಂದು ಮಿಲಿವ್ಯಾಟ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಕಡಿಮೆ. ರೀಡರ್ ತನ್ನ ಗದ್ದಲದಲ್ಲೇ ಕಿವುಡಾಗುವುದು ಹೀಗೆ. ವೆಲ್ಡಿಂಗ್ ಕಿಡಿಯ ಪ್ರಭಾವ ಇದ್ದರೂ ಅದು ವೆಲ್ಡಿಂಗ್ ನಡೆಯುವ ಹೊತ್ತಿನಲ್ಲಿ ಮಾತ್ರ ಕಾಣಿಸಿಕೊಳ್ಳಬೇಕು. ನಿಮ್ಮ ತೊಂದರೆ ಸದಾ ಇದೆ.

ಪ್ರಶ್ನೆ: ದಾವಣಗೆರೆಯಲ್ಲಿ ಸೀರೆ ಅಂಗಡಿ ಇದೆ. ದಾಸ್ತಾನು ಲೆಕ್ಕಕ್ಕೆ ಪ್ರತಿ ಸೀರೆಗೂ ಟ್ಯಾಗ್ ಹಾಕಿದ್ದೇವೆ. ಹತ್ತಿ ಸೀರೆಗಳೆಲ್ಲ ಒಂದೇ ಸುತ್ತಿಗೆ ಎಣಿಕೆಗೆ ಸಿಗುತ್ತವೆ. ಜರಿ ಸೀರೆಗಳಲ್ಲಿ ಕೆಲವು ಸಿಗುವುದೇ ಇಲ್ಲ. ಇದಕ್ಕೆ ಏನು ಮಾಡಬೇಕು?

ಉತ್ತರ: ಜರಿಯಲ್ಲಿರುವ ಲೋಹವೇ ಕಾರಣ. ಅಸಲಿ ಜರಿಯಲ್ಲಿ ಬೆಳ್ಳಿಯ ಎಳೆ, ಅಗ್ಗದ ಜರಿಯಲ್ಲಿ ತಾಮ್ರ ಅಥವಾ ಲೋಹಲೇಪಿತ ಪಾಲಿಯೆಸ್ಟರ್ ಇರುತ್ತದೆ. ಮಡಿಚಿಟ್ಟ ಸೀರೆಯಲ್ಲಿ ಸೆರಗು ಮತ್ತು ಅಂಚಿನ ಜರಿ ಪದರ ಪದರವಾಗಿ ಒಂದರ ಮೇಲೊಂದು ಬಂದು, ತರಂಗಕ್ಕೆ ಅದು ಲೋಹದ ತಟ್ಟೆಯಂತೆಯೇ ವರ್ತಿಸುತ್ತದೆ. ಲೋಹಕ್ಕೆ ತೀರ ಹತ್ತಿರ ಬಂದ ಟ್ಯಾಗ್‌ನ ಆಂಟೆನಾ ತನ್ನ ಆವರ್ತನದಿಂದ ಸರಿದುಹೋಗುತ್ತದೆ, ಮತ್ತು ಲೋಹದಿಂದ ತಿರುಗುಮುರುಗಾಗಿ ಪ್ರತಿಫಲಿಸಿದ ತರಂಗ ನೇರ ತರಂಗವನ್ನು ಅದೇ ಜಾಗದಲ್ಲಿ ರದ್ದುಮಾಡುತ್ತದೆ.

ಯಂತ್ರಗಳಿಗೆ ಹಾಕುವ ದಪ್ಪ ಟ್ಯಾಗ್‌ಗಳನ್ನು ಸೀರೆಗೆ ಹಾಕುವ ಅಗತ್ಯವಿಲ್ಲ. ಬೆಲೆಚೀಟಿಯಲ್ಲಿ ಟ್ಯಾಗ್ ಇಟ್ಟು, ದಾರದಲ್ಲಿ ಸೀರೆಯ ಹೊರಗೆ ಇಳಿಬೀಳುವಂತೆ ಕಟ್ಟಿ. ಕೆಲವು ಸೆಂಟಿಮೀಟರ್ ಅಂತರ ಸಿಕ್ಕರೂ ಓದು ಗಮನಾರ್ಹವಾಗಿ ಸುಧಾರಿಸುತ್ತದೆ. ಪೆಟ್ಟಿಗೆಯಲ್ಲಿಡುವ ರೇಷ್ಮೆ ಸೀರೆಗಳಿಗೆ ಪೆಟ್ಟಿಗೆಯ ಬದಿಗೆ, ಜರಿ ಇಲ್ಲದ ಒಡಲಿನ ಕಡೆಗೆ ಅಂಟಿಸಿ. ಸ್ಟೀಲ್ ಕಪಾಟಿನ ಒಳಗೋಡೆಗೆ ಟ್ಯಾಗ್ ತಾಗದಿರಲಿ. ಎಣಿಸುವಾಗ ಕೈ ರೀಡರ್ ಅನ್ನು ಒಂದೇ ಕೋನದಲ್ಲಿ ಹಿಡಿಯದೆ, ಮಣಿಕಟ್ಟನ್ನು ತಿರುಗಿಸುತ್ತ ಸಾಗಿ.

ಪ್ರಶ್ನೆ: ಚಿತ್ರದುರ್ಗದ ಕಾಲೇಜೊಂದರ ಗ್ರಂಥಪಾಲಕಿ ನಾನು. ಗ್ರಂಥಾಲಯದ ಹೊರಬಾಗಿಲಲ್ಲಿ ಕೂರಿಸಿದ ಗೇಟ್ ಕೆಲವು ಪುಸ್ತಕಗಳಿಗೆ ಸದ್ದು ಮಾಡುವುದಿಲ್ಲ, ಕೆಲವೊಮ್ಮೆ ಯಾರೂ ಇಲ್ಲದಾಗ ಸದ್ದು ಮಾಡುತ್ತದೆ. ಗೇಟಿನ ಪಕ್ಕದಲ್ಲೇ ಕಬ್ಬಿಣದ ಕೊಲ್ಯಾಪ್ಸಿಬಲ್ ಬಾಗಿಲು ಮತ್ತು ವಿತರಣೆಯ ಕಂಪ್ಯೂಟರ್ ಇವೆ.

ಉತ್ತರ: ಗ್ರಂಥಾಲಯದ ವ್ಯವಸ್ಥೆಗಳು ಬಹುಮಟ್ಟಿಗೆ 13.56 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಇಲ್ಲಿ ತರಂಗ ದೂರಕ್ಕೆ ಹೋಗಿ ಮರಳುವುದಿಲ್ಲ; ಗೇಟಿನ ಸುರುಳಿ ತನ್ನ ಸುತ್ತ ಕಾಂತಕ್ಷೇತ್ರವನ್ನು ಹುಟ್ಟಿಸಿ ಟ್ಯಾಗ್‌ನ ಸುರುಳಿಯನ್ನು ಮುಟ್ಟುತ್ತದೆ. ಸುರುಳಿಯಿಂದ ಸಾಕಷ್ಟು ದೂರ ಸರಿದ ಮೇಲೆ ದೂರ ಎರಡರಷ್ಟಾದರೆ ಕ್ಷೇತ್ರ ಎಂಟರಲ್ಲಿ ಒಂದು ಪಾಲಿಗೆ ಇಳಿಯುವುದರಿಂದ, ಸ್ವಲ್ಪ ನಷ್ಟವೂ ದೊಡ್ಡದಾಗಿ ಕಾಣುತ್ತದೆ.

ಕೊಲ್ಯಾಪ್ಸಿಬಲ್ ಬಾಗಿಲಿನ ಪಟ್ಟಿಗಳು ಒಂದಕ್ಕೊಂದು ತಾಗಿ ಲೋಹದ ಮುಚ್ಚಿದ ಬಳೆಗಳಾಗುತ್ತವೆ. ಗೇಟಿನ ಕಾಂತಕ್ಷೇತ್ರ ಆ ಬಳೆಗಳಲ್ಲಿ ವಿದ್ಯುತ್ ಹರಿಸಿ ತನ್ನ ಶಕ್ತಿಯನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಬಾಗಿಲು ತೆರೆದಿದ್ದಾಗ ಒಂದು ರೀತಿ, ಅರ್ಧ ಮುಚ್ಚಿದಾಗ ಇನ್ನೊಂದು ರೀತಿ ಗೇಟ್ ವರ್ತಿಸುತ್ತಿದೆಯೇ ಎಂದು ನೋಡಿ. ಹಾಗಿದ್ದರೆ ಗೇಟನ್ನು ಒಳಗಡೆಗೆ ಸರಿಸಲೇಬೇಕು. ಅರ್ಧ ಮೀಟರ್ ಸರಿಸಿದರೂ ವ್ಯತ್ಯಾಸ ಕಾಣುತ್ತದೆ, ಮತ್ತು ಸರಿಸಿದ ಮೇಲೆ ತಂತ್ರಜ್ಞರನ್ನು ಕರೆಸಿ ಆಂಟೆನಾವನ್ನು ಆ ಜಾಗಕ್ಕೆ ಮತ್ತೆ ಟ್ಯೂನ್ ಮಾಡಿಸಬೇಕು. ಈ ಕೊನೆಯ ಕೆಲಸವನ್ನು ಮಾಡಿಸದೆ ಬಿಡುವುದೇ ಹೆಚ್ಚು.

ಯಾರೂ ಇಲ್ಲದಾಗ ಸದ್ದಾಗುವುದಕ್ಕೆ ಎರಡು ಕಾರಣಗಳಿರಬಹುದು. ಹತ್ತಿರದ ರ‍್ಯಾಕ್‌ನಲ್ಲೋ ಮೇಜಿನ ಮೇಲೋ ವಿತರಣೆಯಾಗದ ಪುಸ್ತಕವೊಂದು ಗೇಟಿನ ಅಂಚಿಗೆ ಸಿಗುತ್ತಿರಬಹುದು. ಇಲ್ಲವೇ ಕಂಪ್ಯೂಟರ್, ಮಾನಿಟರ್, ಎಲ್‌ಇಡಿ ದೀಪಗಳ ಅಗ್ಗದ ಅಡಾಪ್ಟರ್‌ಗಳಿಂದ ಗದ್ದಲ ಬರುತ್ತಿರಬಹುದು. ಒಂದೊಂದನ್ನೇ ಪ್ಲಗ್ ಕಿತ್ತು ಪರೀಕ್ಷಿಸಿ. ತಪ್ಪಿತಸ್ಥ ಅಡಾಪ್ಟರ್ ಸಿಕ್ಕರೆ ಬದಲಿಸಿ, ಇಲ್ಲವೇ ಅದರ ತಂತಿಗೆ ಫೆರೈಟ್ ಉಂಗುರ ತೊಡಿಸಿ. ತೆಳುವಾದ ಪುಸ್ತಕಗಳು ತಪ್ಪಿಸಿಕೊಳ್ಳಲು ಕಾರಣ, ಎಲ್ಲದರಲ್ಲೂ ಲೇಬಲ್ ಒಂದೇ ಜಾಗದಲ್ಲಿರುವುದು. ಒಟ್ಟಿಗೆ ಹಿಡಿದಾಗ ಸುರುಳಿಗಳು ಒಂದರ ಮೇಲೊಂದು ಬಂದು ಪರಸ್ಪರ ಆವರ್ತನ ಕೆಡಿಸುತ್ತವೆ. ಹೊಸದಾಗಿ ಅಂಟಿಸುವಾಗ ಮೇಲೆ, ನಡುವೆ, ಕೆಳಗೆ ಎಂದು ಜಾಗ ಬದಲಿಸುತ್ತ ಹೋಗಿ.

ಪ್ರಶ್ನೆ: ಹಿರಿಯೂರಿನ ಲಾರಿ ಮಾಲೀಕ ನಾನು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನಿತ್ಯ ಓಡಾಟ. ಖಾತೆಯಲ್ಲಿ ಹಣವಿದ್ದರೂ ನಮ್ಮ ಒಂದು ಲಾರಿಯ ಫಾಸ್ಟ್ಯಾಗ್ ಮಾತ್ರ ಪದೇ ಪದೇ ಓದುವುದಿಲ್ಲ.

ಉತ್ತರ: ಒಂದೇ ಲಾರಿಗೆ, ಬೇರೆಬೇರೆ ಟೋಲ್‌ಗಳಲ್ಲಿ ಹೀಗಾಗುತ್ತಿದ್ದರೆ ತೊಂದರೆ ಗಾಜಿನ ಮೇಲಿದೆ. ಹಳೆಯ ಟ್ಯಾಗ್‌ನ ಮೇಲೆಯೇ ಹೊಸದನ್ನು ಅಂಟಿಸಿದ್ದರೆ ಎರಡರ ಆಂಟೆನಾಗಳೂ ಒಂದನ್ನೊಂದು ಕೆಡಿಸುತ್ತವೆ. ಹಳೆಯದನ್ನು ಪೂರ್ತಿ ಕೆರೆದು ತೆಗೆಯಬೇಕು. ಗಾಜಿಗೆ ಲೋಹದ ಲೇಪವಿರುವ ಫಿಲ್ಮ್, ಮುಂದೆ ಕಬ್ಬಿಣದ ಜಾಲರಿ, ಟ್ಯಾಗ್‌ನ ಪಕ್ಕಕ್ಕೆ ಬರುವ ಲೋಹದ ಅಲಂಕಾರ, ಇವು ಯಾವುದಿದ್ದರೂ ತೆಗೆಯಿರಿ. ಗಾಜಿನ ನಡುಭಾಗದಲ್ಲಿ, ಒಳಗಡೆಯಿಂದ, ಸುಕ್ಕಿಲ್ಲದಂತೆ, ಲೋಹದ ಚೌಕಟ್ಟಿನಿಂದ ದೂರವಿರುವಂತೆ ಅಂಟಿಸಿ. ಒಮ್ಮೆ ಕಿತ್ತು ಮತ್ತೆ ಅಂಟಿಸಿದ ಟ್ಯಾಗ್‌ನಲ್ಲಿ ಆಂಟೆನಾದ ಎಳೆ ತುಂಡಾಗಿರುವ ಸಾಧ್ಯತೆಯೇ ಹೆಚ್ಚಾದ್ದರಿಂದ ಹೊಸದನ್ನು ಪಡೆಯುವುದು ಲೇಸು. ಮುಂದಿನ ವಾಹನಕ್ಕೆ ತೀರ ಹತ್ತಿರ ನಿಲ್ಲಿಸಬೇಡಿ ಎಂದು ಚಾಲಕರಿಗೆ ತಿಳಿಸಿ.

ಪ್ರಶ್ನೆ: ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡಗಳ ಗಾಳಿಯಂತ್ರಗಳಿಂದ ಇಂತಹ ರೀಡರ್‌ಗಳಿಗೆ ಅಡಚಣೆ ಆಗುತ್ತದೆಯೇ?

ಉತ್ತರ: ಇಲ್ಲ. ಕೆಲವೇ ಮೀಟರ್ ವ್ಯಾಪ್ತಿಯ ರೀಡರ್‌ಗೆ ಕಿಲೋಮೀಟರ್‌ಗಟ್ಟಲೆ ಆಚೆಗಿನ ರೆಕ್ಕೆಗಳಿಂದ ಮರಳುವ ತರಂಗ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ.

ಪ್ರಶ್ನೆ: ಜಗಳೂರು ತಾಲ್ಲೂಕಿನಲ್ಲಿ ನಮ್ಮ ಕುರಿ ಫಾರ್ಮ್ ಇದೆ. ಕುರಿಗಳ ಕಿವಿಗೆ ಎಲೆಕ್ಟ್ರಾನಿಕ್ ಓಲೆ ಹಾಕಿಸಿ, ದೊಡ್ಡಿಯ ಬಾಯಲ್ಲಿ ಓದುವ ಫಲಕ ಇಟ್ಟಿದ್ದೇವೆ. ಬೆಳಿಗ್ಗೆ ಮತ್ತು ಸಂಜೆ ಚೆನ್ನಾಗಿ ಓದುತ್ತದೆ, ಬಿಸಿಲು ಏರಿದ ಮೇಲೆ ಓದುವುದಿಲ್ಲ. ಬಿಸಿಲಿಗೆ ಯಂತ್ರ ಕೆಡುತ್ತಿದೆಯೇ?

ಉತ್ತರ: ಬಿಸಿಲನ್ನು ಅನುಮಾನಿಸುವ ಮೊದಲು, ಬಿಸಿಲಿನಲ್ಲಿ ಮಾತ್ರ ಓಡುವ ಯಂತ್ರ ನಿಮ್ಮಲ್ಲಿ ಯಾವುದಿದೆ ಎಂದು ಕೇಳಿಕೊಳ್ಳಿ. ದೊಡ್ಡಿಯ ಹತ್ತಿರ ಸೋಲಾರ್ ಪಂಪ್ ಇದ್ದರೆ ನನ್ನ ಅನುಮಾನವೆಲ್ಲ ಅದರ ಕಂಟ್ರೋಲರ್ ಮೇಲೆ. ಮೋಟರ್ ಓಡಿಸಲು ಅದು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುತ್ತದೆ. ಆ ಕತ್ತರಿಕೆಯ ಗದ್ದಲ ಮೇಲಿನ ಆವರ್ತನಗಳಿಗೂ ಹಬ್ಬಿ 134.2 ಕಿಲೋಹರ್ಟ್ಸ್‌ಗೂ ತಲುಪುತ್ತದೆ. ಪ್ರಾಣಿಗಳ ಓಲೆಗಳಿಗೆ ಜಗತ್ತಿನಾದ್ಯಂತ ಬಳಸುವ ಆವರ್ತನ ಅದೇ. ಪಂಪನ್ನು ಐದು ನಿಮಿಷ ನಿಲ್ಲಿಸಿ ಕುರಿಗಳನ್ನು ಹಾಯಿಸಿದರೆ ಉತ್ತರ ಅಲ್ಲೇ ಸಿಗುತ್ತದೆ.

ಪಂಪೇ ಕಾರಣವೆಂದು ಖಚಿತವಾದರೆ ರೀಡರ್‌ಗೆ ಅದೇ ಲೈನಿನ ವಿದ್ಯುತ್ ಕೊಡದೆ 12 ವೋಲ್ಟ್ ಬ್ಯಾಟರಿಯಿಂದ ನಡೆಸಿ. ಪಂಪಿನ ತಂತಿಗಳನ್ನು ದೊಡ್ಡಿಯಿಂದ ದೂರಕ್ಕೆ ಸರಿಸಿ, ಒಂದಕ್ಕೊಂದು ಹೆಣೆದು, ಸಾಧ್ಯವಿದ್ದರೆ ಅರ್ತ್ ಮಾಡಿದ ಕಬ್ಬಿಣದ ಕೊಳವೆಯಲ್ಲಿ ಹಾಯಿಸಿ. ಕಂಟ್ರೋಲರ್‌ನ ಅರ್ತಿಂಗ್ ಸರಿಯಾಗಿದೆಯೇ ನೋಡಿಸಿ. ಫಲಕದೊಳಗೆ ಇರುವುದು ತಂತಿಯ ಸುರುಳಿ. ಅದಕ್ಕೆ ಕೆಲವು ದಿಕ್ಕಿನ ಗದ್ದಲ ಹೆಚ್ಚು ಕೇಳಿಸುತ್ತದೆ, ಕೆಲವು ದಿಕ್ಕಿನದು ಕಡಿಮೆ. ಆದ್ದರಿಂದ ಪಂಪ್ ಓಡುತ್ತಿರುವಾಗಲೇ ಫಲಕವನ್ನು ನಿಧಾನವಾಗಿ ತಿರುಗಿಸುತ್ತ, ಹೆಚ್ಚು ದೂರದಿಂದ ಓದುವ ನಿಲುವು ಯಾವುದೆಂದು ಹುಡುಕಿ, ಕುರಿಗಳ ಓಣಿಯನ್ನೇ ಆ ದಿಕ್ಕಿಗೆ ಹೊಂದಿಸಿಕೊಳ್ಳುವುದು ಒಳ್ಳೆಯದು.

ಓಣಿಯನ್ನು ಕಬ್ಬಿಣದ ಪೈಪುಗಳಿಂದ ಮಾಡಿದ್ದರೆ ಗ್ರಂಥಾಲಯದ ಬಾಗಿಲಿನ ಬಗ್ಗೆ ಮೇಲೆ ಹೇಳಿದ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಫಲಕದ ಎದುರಿನ ಭಾಗಕ್ಕಾದರೂ ಮರದ ಹಲಗೆ ಬಳಸಿ, ಇಲ್ಲವೇ ಪೈಪುಗಳು ಕೂಡುವ ಒಂದು ಕಡೆ ರಬ್ಬರ್ ತುಂಡು ಕೊಟ್ಟು ಲೋಹದ ಬಳೆ ತುಂಡಾಗುವಂತೆ ಮಾಡಿ. ಎರಡು ಫಲಕಗಳನ್ನು ಹತ್ತಿರದಲ್ಲಿ ಇಡುವುದಾದರೆ ಅವೆರಡೂ ಒಂದೇ ಕಂಪನಿಯವಾಗಿದ್ದು, ಹೊಂದಾಣಿಕೆಯ ತಂತಿಯಿಂದ ಒಂದಕ್ಕೊಂದು ಜೋಡಣೆಯಾಗಿರಬೇಕು. ಓಲೆಗಳಲ್ಲಿ ಎಫ್‌ಡಿಎಕ್ಸ್ ಮತ್ತು ಎಚ್‌ಡಿಎಕ್ಸ್ ಎಂಬ ಎರಡು ಬಗೆಗಳಿದ್ದು, ಎಚ್‌ಡಿಎಕ್ಸ್ ಓಲೆ ಫಲಕದ ಕ್ಷೇತ್ರ ಆರಿದ ಕ್ಷಣದಲ್ಲಿ ಉತ್ತರಿಸುತ್ತದೆ. ಪಕ್ಕದ ಫಲಕ ಆಗ ತನ್ನ ಕ್ಷೇತ್ರವನ್ನು ಹೊತ್ತಿಸಿಕೊಂಡಿದ್ದರೆ ಆ ಉತ್ತರ ಕೇಳಿಸುವುದಿಲ್ಲ. ಇದನ್ನೆಲ್ಲ ಸರಿಪಡಿಸುವವರೆಗೆ ಪಂಪ್ ಶುರುವಾಗುವ ಮೊದಲು, ಕುರಿಗಳನ್ನು ಮೇಯಲು ಬಿಡುವಾಗಲೇ ಎಣಿಕೆ ಮುಗಿಸಿಕೊಳ್ಳಿ.